ಹದಿನೇಳನೇ ನಂಬರಿನ ಡಬ್ಬ

ಗೌರಿಬಿದನೂರು
6 ಅಕ್ಟೋಬರ್ 2024, ಭಾನುವಾರ

ದಿಲ್ಷಾದ್ ಬೇಗಂ ಅವರಿಗೆ,

ನನ್ನ ಹೆಸರು ಶ್ಯಾಮಲಮ್ಮ. ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಪಾಠ ಹೇಳಿ, ಈಗ ಮೊಣಕಾಲು ಹಿಡಿದುಕೊಂಡು ಮನೆಯಲ್ಲಿ ಕೂತಿದ್ದೇನೆ. ಚಿಕ್ಕಬಳ್ಳಾಪುರದಲ್ಲಿ ಪುಸ್ತಕದಂಗಡಿ ಇಟ್ಟಿರುವ ಹರಿಕೃಷ್ಣ ನನ್ನ ಹಳೆಯ ವಿದ್ಯಾರ್ಥಿ. ಅವನ ಏರ್ಪಾಡಿನಲ್ಲಿ ಈ ಅಕ್ಕಿ-ಬೇಳೆಯ ಡಬ್ಬ ನಿಮ್ಮ ಮನೆಗೆ ಬಂದಿದೆ. ತಿಂಗಳ ಮೊದಲ ಭಾನುವಾರ ಬರುತ್ತದೆ, ಮೂರನೇ ಭಾನುವಾರ ಅವನೇ ಬಂದು ಖಾಲಿ ಡಬ್ಬ ತೆಗೆದುಕೊಂಡು ಹೋಗುತ್ತಾನೆ. ಒಂದು ಮನೆಯಿಂದ ಒಂದು ಮನೆಗೆ ಒಂದು ಡಬ್ಬ. ನಮ್ಮದು ಹದಿನೇಳನೇ ನಂಬರು, ಮುಚ್ಚಳದ ಮೇಲೆ ಬರೆದಿದೆ.

ಫೋನ್ ನಂಬರ್ ಯಾರೂ ಯಾರಿಗೂ ಕೊಡುವಂತಿಲ್ಲ ಅಂತ ಅವನೊಂದು ಕಾನೂನು ಮಾಡಿದ್ದಾನೆ. ಕೊಟ್ಟವರು ಫೋನ್ ಮಾಡಿ ಉಪದೇಶ ಕೊರೆಯಬಾರದು, ತೆಗೆದುಕೊಂಡವರು ದಿನಾ ಫೋನ್ ಮಾಡಿ ಥ್ಯಾಂಕ್ಸ್ ಹೇಳಬಾರದು. ಏನಿದ್ದರೂ ಡಬ್ಬದೊಳಗೆ ಒಂದು ಕಾಗದ. ನನಗೂ ಅದೇ ಹಿತ.

ಅವನು ಬರೆದುಕೊಂಡು ಬಂದಿದ್ದರಲ್ಲಿ ನಿಮ್ಮ ಯಜಮಾನರು ಅಮಾನುಲ್ಲಾ ಅವರಿಗೆ ಉಬ್ಬಸ, ಮಗಳು ಇಫ್ರಾ ಫಸ್ಟ್ ಪಿಯುಸಿ ಎಂದಿದೆ. ಉಪದೇಶ ಬೇಡ ಅಂತ ಈಗಷ್ಟೇ ಬರೆದೆ. ಆದರೂ ಒಂದೇ ಒಂದು ಹೇಳುತ್ತೇನೆ: ಹುಡುಗಿಯ ಓದು ನಿಲ್ಲಿಸಬೇಡಿ. ಈ ಡಬ್ಬ ಬರುತ್ತಿರುವುದೇ ಅದಕ್ಕೆ ಅಂದುಕೊಳ್ಳಿ.

ಇಂತಿ,
ಶ್ಯಾಮಲಮ್ಮ

*

ಶಿಡ್ಲಘಟ್ಟ
20 ಅಕ್ಟೋಬರ್ 2024

ಮೇಡಂ ಅವರಿಗೆ ದಿಲ್ಷಾದ್ ಬೇಗಂ ಮಾಡುವ ಸಲಾಮು.

ನಾನು ಏಳನೇ ಕ್ಲಾಸಿನ ತನಕ ಕನ್ನಡ ಶಾಲೆಯಲ್ಲೇ ಓದಿದ್ದು. ಬರೆದು ತುಂಬಾ ವರ್ಷ ಆಯಿತು, ತಪ್ಪಿದ್ದರೆ ಬೈಯಬೇಡಿ. ಇಫ್ರಾ "ನಾನು ಬರ್ದು ಕೊಡ್ತೀನಿ ಅಮ್ಮೀ" ಅಂದಳು. ಬೇಡ, ಅಕ್ಕಿ ತಿನ್ನೋಳು ನಾನು, ಕಾಗದವೂ ನಾನೇ ಬರೀತೀನಿ ಅಂದೆ.

ನಮ್ಮವರು ಇಪ್ಪತ್ತು ವರ್ಷ ಫಿಲೇಚರ್‌ನಲ್ಲಿ ರೇಷ್ಮೆ ನೂಲು ತೆಗೆಯುವ ಕೆಲಸ ಮಾಡಿದರು. ಗೂಡು ಬೇಯಿಸುವ ಬಿಸಿನೀರಿನ ಹಬೆ, ಒಳಗಿನ ಹುಳು ಬೆಂದ ವಾಸನೆ, ಅದರಲ್ಲೇ ಎದೆ ಹಾಳಾಯಿತು. ಈಗ ತಿಂಗಳಲ್ಲಿ ಹತ್ತು ದಿನ ಹೋದರೆ ಹೆಚ್ಚು. ನಾನು ಸೀರೆಗೆ ಕುಚ್ಚು ಕಟ್ಟುತ್ತೇನೆ. ಫಿಲೇಚರ್ ಓನರ್ ಎರಡು ಸಲ ಕೇಳಿದ್ದರು, "ಮಗಳನ್ನ ಕಳ್ಸಮ್ಮ, ಸಣ್ಣ ಕೈಗೆ ನೂಲು ಚೆನ್ನಾಗಿ ಸಿಗುತ್ತೆ" ಅಂತ. ನಿಮ್ಮ ಡಬ್ಬ ಬಂದ ದಿನ ನಾನು ಇಲ್ಲ ಅಂದೆ. ಜೋರಾಗಿಯೇ ಅಂದೆ.

ಅಕ್ಕಿ, ಬೇಳೆ, ಎಣ್ಣೆ, ಸಕ್ಕರೆ ಎಲ್ಲಾ ಸರಿಯಾಗಿ ಬಂತು. ಮನೆ ಮುಂದೆ ನುಗ್ಗೆ ಮರ ಇದೆ. ನಾಲ್ಕು ಕಾಯಿ ಹಾಕಿದ್ದೇನೆ, ಡಬ್ಬಕ್ಕೆ ಹಿಡಿಯಲಿಲ್ಲ, ಮುರಿದು ಹಾಕಿದೆ. ಬೇಜಾರು ಮಾಡಿಕೊಳ್ಳಬೇಡಿ.

ದಿಲ್ಷಾದ್

*

ಗೌರಿಬಿದನೂರು
1 ಡಿಸೆಂಬರ್ 2024

ದಿಲ್ಷಾದ್ ಅವರಿಗೆ,

ನುಗ್ಗೆಕಾಯಿ ಸಾರು ಎರಡು ದಿನ ಉಂಡೆ. ಹೋದ ತಿಂಗಳು ನೀವು ಹಾಕಿದ್ದ ಕರಿಬೇವು ಇನ್ನೂ ಇದೆ. ಇನ್ನೊಬ್ಬರ ಪಾತ್ರೆ ಬರಿದಾಗಿ ಹಿಂತಿರುಗಿಸಬಾರದು ಅಂತ ನಮ್ಮಮ್ಮನೂ ಒಂದು ಚಮಚ ಸಕ್ಕರೆಯಾದರೂ ಹಾಕಿ ಕಳಿಸೋರು. ಈಗ ಯಾರು ಮಾಡುತ್ತಾರೆ? ನಮ್ಮ ಬೀದಿಯಲ್ಲಿ ಪಾತ್ರೆಯೇ ವಾಪಸ್ ಬರುವುದಿಲ್ಲ.

ಈ ಸಲ ಅಕ್ಕಿ ಎರಡು ಥರ ಇದೆ. ಒಂದು ಸಣ್ಣಕ್ಕಿ, ಒಂದು ದಪ್ಪಕ್ಕಿ, ಬೇರೆ ಬೇರೆ ಕವರಿನಲ್ಲಿ ಕಟ್ಟಿದ್ದೇನೆ. ಯಾಕೆ ಅಂತ ಕೇಳಬೇಡಿ. ಬೇಳೆಯಲ್ಲಿ ಹುಳ ಇದ್ದರೆ ಬಿಸಿಲಿಗೆ ಹಾಕಿ.

ಚಳಿಗೆ ಮೊಣಕಾಲು ಮಾತು ಕೇಳುತ್ತಿಲ್ಲ. ಮೆಟ್ಟಿಲು ಅಂದರೆ ಜೀವ ಹೋಗುತ್ತದೆ. ಇಫ್ರಾಗೆ ಅರ್ಧವಾರ್ಷಿಕದಲ್ಲಿ ಎಷ್ಟು ಬಂತು ಅಂತ ಬರೆಯಿರಿ. ಮುಚ್ಚಿಡಬೇಡಿ, ಕಡಿಮೆ ಬಂದಿದ್ದರೂ ಬರೆಯಿರಿ. ನಾನು ಮೇಷ್ಟ್ರು, ಎಲ್ಲ ಥರದ ಮಾರ್ಕ್ಸೂ ನೋಡಿದ್ದೇನೆ.

ಶ್ಯಾಮಲಮ್ಮ

*

ಶಿಡ್ಲಘಟ್ಟ
15 ಡಿಸೆಂಬರ್ 2024

ಮೇಡಂ,

ಇಫ್ರಾಗೆ ಅಕೌಂಟೆನ್ಸಿಯಲ್ಲಿ ಎಂಬತ್ತೆಂಟು ಬಂದಿದೆ! ಇಂಗ್ಲಿಷಿನಲ್ಲಿ ನಲವತ್ತೊಂದು. ಅದನ್ನೂ ಬರೆದಿದ್ದೇನೆ, ನೋಡಿ.

ಎರಡು ಥರದ ಅಕ್ಕಿ ನೋಡಿ ನಾವಿಬ್ಬರೂ ನಕ್ಕೆವು. ಊಟಕ್ಕೊಂದು, ದೋಸೆಗೊಂದು ಅಂತ ಇಟ್ಟುಕೊಳ್ಳುವ ಮನೆ ಎಷ್ಟು ದೊಡ್ಡದಿರಬೇಕು! ಇಫ್ರಾ ಕೇಳಿದಳು, "ಮೇಡಂ ಮನೇಲಿ ಮೆಟ್ಟಿಲು ಬೇರೆ ಇದೆಯಂತೆ ಅಮ್ಮೀ, ಮಹಡಿ ಮನೆ ಇರ್ಬೇಕಲ್ವಾ?" ಅಂಥ ಮನೆಗೆ ನಾನು ಮುರಿದ ನುಗ್ಗೆಕಾಯಿ ಕಳಿಸಿದೆನಲ್ಲ ಅಂತ ಆಮೇಲೆ ನಾಚಿಕೆಯಾಯಿತು. ಈ ಸಲ ನಾನೇ ಮಾಡಿದ ಕೊಬ್ಬರಿ ಮಿಠಾಯಿ ಇಟ್ಟಿದ್ದೇನೆ. ತುಪ್ಪ ಸ್ವಲ್ಪ ಕಡಿಮೆ, ಹಾಲು ಜಾಸ್ತಿ.

ಕಾಲಿಗೆ ಬಿಸಿನೀರು ಹಾಕಿಕೊಳ್ಳಿ. ಮನೆಯಲ್ಲಿ ಕೆಲಸದವರು ಇರುತ್ತಾರೆ, ಮೆಟ್ಟಿಲು ಅವರು ಹತ್ತಲಿ.

ದಿಲ್ಷಾದ್

*

ಗೌರಿಬಿದನೂರು
2 ಮಾರ್ಚ್ 2025

ದಿಲ್ಷಾದ್ ಅವರಿಗೆ,

ಎರಡು ತಿಂಗಳು ಡಬ್ಬ ಮಾತ್ರ ಕಳಿಸಿದೆ, ಕಾಗದ ಬರೆಯಲಿಲ್ಲ. ಬರೆಯಲು ಕೂತರೆ ಬರೀ ಗೊಣಗಾಟವೇ ಬರುತ್ತದೆ. ಅದನ್ನು ನಿಮಗೆ ಯಾಕೆ ಕಳಿಸಲಿ?

ಮನೆಯಲ್ಲಿ ಕೆಲಸದವರು ಯಾರೂ ಇಲ್ಲ. ಅಷ್ಟು ಮಾತ್ರ ಹೇಳಿರುತ್ತೇನೆ.

ನಿಮ್ಮ ಉಪವಾಸದ ತಿಂಗಳು ಅಂತ ಹರಿಕೃಷ್ಣ ಹೇಳಿದ. ಒಂದು ಕಿಲೋ ಹೆಸರುಕಾಳು ಹೆಚ್ಚಿಗೆ ಇದೆ. ಈ ಸಲ ಎಣ್ಣೆ ಅರ್ಧ ಲೀಟರು ಮಾತ್ರ. ಕೊಡುವುದು ಸುಲಭ ಅಂದುಕೊಂಡಿದ್ದೆ ದಿಲ್ಷಾದ್. ಸುಲಭವಲ್ಲ. ಮೊದಲ ತಿಂಗಳು ಎಲ್ಲರಿಗೂ ದೊಡ್ಡ ಮನಸ್ಸು, ಆರನೇ ತಿಂಗಳಿಗೆ ಮುಖ ತಿರುಗಿಸುತ್ತಾರೆ. ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಇಫ್ರಾ ಪರೀಕ್ಷೆ ಚೆನ್ನಾಗಿ ಬರೆಯಲಿ.

ಶ್ಯಾಮಲಮ್ಮ

*

ಶಿಡ್ಲಘಟ್ಟ
20 ಏಪ್ರಿಲ್ 2025

ಮೇಡಂ,

ಹಬ್ಬ ಚೆನ್ನಾಗಿ ಆಯಿತು. ನಮ್ಮವರ ಆರೋಗ್ಯವೂ ಪರವಾಗಿಲ್ಲ, ಕೆಲಸಕ್ಕೆ ಹೋಗುತ್ತಿದ್ದಾರೆ. ಇಫ್ರಾ ಪಾಸಾದಳು. ಜೂನ್‌ನಲ್ಲಿ ಸೆಕೆಂಡ್ ಪಿಯುಸಿ. ನೀವು ನಮ್ಮ ಬಗ್ಗೆ ಏನೂ ಯೋಚನೆ ಇಟ್ಟುಕೊಳ್ಳಬೇಡಿ. ನೀವು ಬೇಜಾರಿನಲ್ಲಿ ಬರೆದ ಹಾಗಿತ್ತು, ಅದು ಓದಿ ನನಗೆ ನಿದ್ದೆ ಬರಲಿಲ್ಲ.

ಹಬ್ಬದ್ದು ಅಂತ ಬಾದಾಮಿ, ಖರ್ಜೂರ, ಗೋಡಂಬಿ ಸ್ವಲ್ಪ ಇಟ್ಟಿದ್ದೇನೆ. ಶಾವಿಗೆ ಪಾಯಸಕ್ಕೆ ಹಾಕಿಕೊಳ್ಳಿ. ಮನೆಯಲ್ಲಿ ಬೇಕಾದಷ್ಟಿದೆ, ಸಂಕೋಚ ಬೇಡ.

ದಿಲ್ಷಾದ್

*

ಗೌರಿಬಿದನೂರು
4 ಮೇ 2025

ಶ್ರೀಮತಿ ದಿಲ್ಷಾದ್ ಬೇಗಂ ಅವರಿಗೆ,

ನಿಮ್ಮ ಯಜಮಾನರು ಕೆಲಸಕ್ಕೆ ಹೋಗುತ್ತಿರುವುದು, ಮನೆಯಲ್ಲಿ ಬೇಕಾದಷ್ಟು ಇರುವುದು ತಿಳಿದು ಸಂತೋಷವಾಯಿತು. ಇನ್ನೂ ಕಷ್ಟದಲ್ಲಿರುವ ಒಂದು ಕುಟುಂಬ ಚಿಂತಾಮಣಿಯಲ್ಲಿ ಇದೆಯಂತೆ. ಈ ತಿಂಗಳಿಂದ ಹದಿನೇಳನೇ ನಂಬರಿನ ಡಬ್ಬ ಅಲ್ಲಿಗೆ ಹೋಗುತ್ತದೆ. ಹರಿಕೃಷ್ಣನಿಗೆ ತಿಳಿಸಿದ್ದೇನೆ.

ಮಗಳು ಓದು ಮುಂದುವರಿಸಲಿ.

ಶ್ಯಾಮಲಮ್ಮ

*

ಶಿಡ್ಲಘಟ್ಟ
18 ಮೇ 2025

ಮೇಡಂ,

ಆಗಲಿ. ಚಿಂತಾಮಣಿಯವರಿಗೆ ಒಳ್ಳೆಯದಾಗಲಿ.

ಏಳು ತಿಂಗಳು ನೀವು ಕೊಟ್ಟಿದ್ದು ತಿಂದಿದ್ದೇವೆ. ಮರೆಯುವುದಿಲ್ಲ. ಡಬ್ಬ ಈಗ ನಮ್ಮ ಹತ್ತಿರ ಇಲ್ಲದಿರುವುದರಿಂದ ಈ ಸಲ ಏನೂ ಇಟ್ಟು ಕಳಿಸುವುದಕ್ಕೆ ಆಗುತ್ತಿಲ್ಲ. ಕ್ಷಮಿಸಿ.

ದಿಲ್ಷಾದ್ ಬೇಗಂ

*

ಗೌರಿಬಿದನೂರು
2 ನವೆಂಬರ್ 2025

ದಿಲ್ಷಾದ್ ಅವರಿಗೆ,

ಆರು ತಿಂಗಳ ಮೇಲೆ ಬರೆಯುತ್ತಿದ್ದೇನೆ. ಹರಿಕೃಷ್ಣನ ಕೈಯಲ್ಲಿ ಕೊಡುತ್ತಿದ್ದೇನೆ, ತಲುಪಿಸುತ್ತಾನೆ.

ಅವನು ಮೊನ್ನೆ ಬಂದಾಗ ಒಂದು ಮಾತು ಹೇಳಿದ. "ಮಿಸ್, ಆ ಶಿಡ್ಲಘಟ್ಟದ ಹುಡುಗಿ ಇಫ್ರಾನ ಬೆಳಿಗ್ಗೆ ಏಳಕ್ಕೆ ಫಿಲೇಚರ್ ಬಾಗಿಲಲ್ಲಿ ನೋಡ್ದೆ, ಟಿಫನ್ ಬಾಕ್ಸ್ ಹಿಡ್ಕೊಂಡು ಒಳಗೆ ಹೋಗ್ತಿದ್ಳು" ಅಂತ. ನೀನು ಬೇರೆ ಯಾರನ್ನೋ ನೋಡಿರುತ್ತೀಯ ಅಂದೆ. ಅವನು ಸುಮ್ಮನಾದ. ಅವನು ಸುಮ್ಮನಾಗುವ ಹುಡುಗನಲ್ಲ. ತರಗತಿಯಲ್ಲಿ ಬೆಂಚಿನ ಮೇಲೆ ನಿಲ್ಲಿಸಿದರೂ ಮಾತಾಡುತ್ತಿದ್ದ.

ಅವಳು ಅಪ್ಪನಿಗೆ ಊಟ ಕೊಡಲು ಹೋಗಿದ್ದಳು ಅಲ್ಲವೇ? ಹೌದು ಅಂತ ಒಂದು ಸಾಲು ಬರೆಯಿರಿ. ಸಾಕು.

ಚಿಂತಾಮಣಿಯಲ್ಲಿ ಈಗ ಡಬ್ಬ ತೆಗೆದುಕೊಳ್ಳುವವರು ರಾಮಲಕ್ಷ್ಮಮ್ಮ ಅಂತ, ಮೂರು ಮೊಮ್ಮಕ್ಕಳನ್ನು ಸಾಕುತ್ತಿರುವ ಹೆಂಗಸು. ಹರಿಕೃಷ್ಣ ಹೇಳಿದ ಹಾಗೆಯೇ ಡಬ್ಬ ತೊಳೆದು, ಒರೆಸಿ, ಖಾಲಿ ಕಳಿಸುತ್ತಾರೆ. ಅವರದೇನೂ ತಪ್ಪಿಲ್ಲ. ಆದರೆ ಮುಚ್ಚಳ ತೆಗೆದಾಗಲೆಲ್ಲ ನನ್ನ ಕೈ ಒಳಗೆ ಹೋಗುತ್ತದೆ. ತಳದ ತನಕ ಹೋಗಿ ವಾಪಸ್ ಬರುತ್ತದೆ.

ಶ್ಯಾಮಲಮ್ಮ

*

ಶಿಡ್ಲಘಟ್ಟ
16 ನವೆಂಬರ್ 2025

ಮೇಡಂ,

ಊಟ ಕೊಡಲು ಹೋಗಿದ್ದಲ್ಲ. ಕೆಲಸಕ್ಕೆ ಹೋಗಿದ್ದು. ಜೂನ್‌ನಿಂದ ಹೋಗುತ್ತಿದ್ದಾಳೆ. ಕಾಲೇಜಿಗೆ ಸೇರಿಸಲೇ ಇಲ್ಲ.

ನೀವು ಕೇಳಿದಿರಿ ಅಂತ ಹೇಳುತ್ತಿದ್ದೇನೆ. ನಮ್ಮವರು ಮಾರ್ಚ್‌ನಲ್ಲೇ ಹಾಸಿಗೆ ಹಿಡಿದರು. ಕೆಲಸಕ್ಕೆ ಹೋಗುತ್ತಿದ್ದಾರೆ ಅಂತ ನಾನು ಬರೆದದ್ದು ಸುಳ್ಳು. ನೀವು ಆ ಕಾಗದದಲ್ಲಿ ಅಷ್ಟು ಸೋತು ಬರೆದಿದ್ದಿರಿ. ಕೊಡೋರ ಮೇಲೆ ಇನ್ನೂ ಭಾರ ಹಾಕೋದು ಹೇಗೆ ಅಂತ, ಚೆನ್ನಾಗಿದ್ದೇವೆ ಅಂದೆ.

ಬಾದಾಮಿ, ಖರ್ಜೂರ ನಾವು ಕೊಂಡಿದ್ದಲ್ಲ. ರಂಜಾನ್‌ನಲ್ಲಿ ಕಷ್ಟದ ಮನೆಗಳಿಗೆ ಅಂತ ನಮ್ಮ ಮೊಹಲ್ಲಾದಲ್ಲಿ ಒಂದೊಂದು ಚೀಲ ಕೊಟ್ಟರು. ಅದೂ ದಾನವೇ ಮೇಡಂ. ನಾವು ಬರೀ ನೀರು, ಒಂದು ಖರ್ಜೂರದಲ್ಲಿ ಉಪವಾಸ ಬಿಟ್ಟು, ಉಳಿದಿದ್ದನ್ನು ತೆಗೆದಿಟ್ಟೆವು. ಇಫ್ರಾ ಒಂದು ಬಾದಾಮಿ ಬಾಯಿಗೆ ಹಾಕಿಕೊಳ್ಳಲು ಹೋದಾಗ ಕೈ ಮೇಲೆ ಹೊಡೆದೆ. "ಮಹಡಿ ಮನೆ ಮೇಡಂಗೆ ಕಣೇ, ಎಣಿಸ್ಬೇಡ" ಅಂದೆ.

ನಿಮ್ಮ ಮೇ ತಿಂಗಳ ಕಾಗದ ಅವಳೇ ಮೊದಲು ಓದಿದ್ದು. ಮರುದಿನ ಓನರ್ ಮನೆಗೆ ತಾನೇ ಹೋಗಿ ಬಂದಳು. ಈಗ ಅವಳ ಬೆರಳು ನೋಡಬೇಕು ನೀವು. ಬಿಸಿನೀರಲ್ಲಿ ನೆನೆದು ಬೆಳ್ಳಗಾಗಿ ಸಿಪ್ಪೆ ಏಳುತ್ತಿದೆ. ಅಪ್ಪನ ಜಾಗದಲ್ಲೇ ಕೂರುತ್ತಾಳೆ. ಅದೇ ಹಬೆ.

ನನಗೆ ನಿಮ್ಮ ಮೇಲೆ ತುಂಬಾ ಸಿಟ್ಟು ಇತ್ತು. ಈಗ ಸಿಟ್ಟು ಮಾಡುವುದಕ್ಕೂ ಶಕ್ತಿ ಇಲ್ಲ. ಒಂದು ಮಾತು ಕೇಳಬಹುದಿತ್ತು ನೀವು. ಡಬ್ಬದಲ್ಲಿ ಒಂದು ಕಾಗದ ಹಾಕಿ, ಇದು ಎಲ್ಲಿಂದ ಬಂತು ದಿಲ್ಷಾದ್ ಅಂತ.

ದಿಲ್ಷಾದ್

*

ಗೌರಿಬಿದನೂರು
7 ಡಿಸೆಂಬರ್ 2025

ದಿಲ್ಷಾದ್,

ಮೂರು ವಾರ ನಿನ್ನ ಕಾಗದವನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದೆ. ನೀನು ಅನ್ನುತ್ತಿದ್ದೇನೆ. ನಿನಗೆ ಬೇಡವಾದರೆ ಬರೆ, ಮತ್ತೆ ನೀವು ಅನ್ನುತ್ತೇನೆ.

ನನ್ನದು ಮಹಡಿ ಮನೆ ಅಲ್ಲ. ಎರಡು ಕೋಣೆಯ ಬಾಡಿಗೆ ಮನೆ. ಆ ಡಬ್ಬವನ್ನು ನಾನೊಬ್ಬಳೇ ಯಾವತ್ತೂ ತುಂಬಿಲ್ಲ. ತಿಂಗಳ ಕೊನೆಯಲ್ಲಿ ಚೀಲ ಹಿಡಿದು ನಮ್ಮ ಬೀದಿಯ ಆರು ಮನೆ ಮೆಟ್ಟಿಲು ಹತ್ತುತ್ತೇನೆ. ಒಬ್ಬರು ಸಣ್ಣಕ್ಕಿ ಕೊಡುತ್ತಾರೆ, ಒಬ್ಬರು ರೇಷನ್ನಿನ ದಪ್ಪಕ್ಕಿ. ಎರಡು ಥರದ ಅಕ್ಕಿ ಅಲ್ಲಿಂದ ಬಂದದ್ದು. ಬೇಡಿ ತಂದದ್ದು ಅಂತ ನಿನಗೆ ಹೇಳಲು ನನಗೆ ಅವಮಾನ. ಸಾಲು ಸಾಲು ಮಕ್ಕಳಿಂದ ನಮಸ್ಕಾರ ಹೊಡೆಸಿಕೊಂಡವಳು ನಾನು. ಈಗ ನನ್ನ ದನಿ ಕೇಳಿದರೆ ಒಳಗಿಂದಲೇ "ಮನೇಲಿ ಯಾರೂ ಇಲ್ಲ ಅಂತ ಹೇಳೋ" ಅನ್ನುವುದು ಕೇಳಿಸುತ್ತದೆ.

ನಿನ್ನ ಡಬ್ಬ ಏಪ್ರಿಲ್‌ನಲ್ಲಿ ಬಂದಾಗ ಎದುರು ಮನೆ ಭಾನುಪ್ರಕಾಶ್ ಇಲ್ಲೇ ಕೂತಿದ್ದರು. ಎಣ್ಣೆ ಕೊಡುವವರು ಅವರೇ. ಅವರ ಮುಂದೆಯೇ ಮುಚ್ಚಳ ತೆಗೆದೆ. "ಏನ್ ಮಿಸ್ ಇದು, ನಮ್ಮನೇಲೇ ಬಾದಾಮಿ ತಗೊಂಡು ವರ್ಷ ಆಯ್ತು. ನಿಮ್ ಬಡವರು ಬಾದಾಮಿ ತಿಂತಾರಾ? ಚೆನ್ನಾಗ್ ಟೋಪಿ ಹಾಕಿಸ್ಕೊಂಡಿದೀರಾ ಬಿಡಿ" ಅಂದು ನಕ್ಕರು. ಸಂಜೆಯೊಳಗೆ ಆರು ಮನೆಗೂ ಗೊತ್ತಾಯಿತು.

ಆ ಬಾದಾಮಿ ಯಾಕೆ ಬಂತು ಅಂತ ನನಗೆ ಗೊತ್ತಿರಲಿಲ್ಲ ಅಂತ ಬರೆದರೆ ಅದು ಸುಳ್ಳು. ಪಾತ್ರೆ ಬರಿದಾಗಿ ಕಳಿಸಬಾರದು ಅಂತ ನಿನಗೆ ಬರೆದವಳೇ ನಾನು. ಭಾನುಪ್ರಕಾಶ್‌ಗೆ ಅಷ್ಟು ಹೇಳಿದ್ದರೆ ಮುಗಿಯುತ್ತಿತ್ತು. ಆ ಹೊತ್ತಿಗೆ ನನಗೆ ಸುಸ್ತಾಗಿತ್ತು. ಮೆಟ್ಟಿಲು ಹತ್ತಿ ಸುಸ್ತು, ಕೇಳಿ ಕೇಳಿ ಸುಸ್ತು. ನಿಲ್ಲಿಸಲು ಒಂದು ನೆಪ ಸಿಕ್ಕಿತು, ಹಿಡಿದುಕೊಂಡೆ. ಚಿಂತಾಮಣಿಯ ಮನೆ ಹುಡುಕಿದ್ದು ಹರಿಕೃಷ್ಣ, ನಾನಲ್ಲ. ನಾನು ಪೂರ್ತಿ ಬಿಟ್ಟುಬಿಡುತ್ತೇನೆ ಅಂದಿದ್ದೆ.

ಇನ್ನೊಂದು ಇದೆ. ಅದನ್ನೂ ಬರೆದೇ ಬಿಡುತ್ತೇನೆ. ಆ ಬಾದಾಮಿ, ಖರ್ಜೂರ ನಾನು ಯಾರಿಗೂ ಕೊಡಲಿಲ್ಲ. ಶಾವಿಗೆ ಪಾಯಸ ಮಾಡಿ ಹಾಕಿಕೊಂಡು ಒಬ್ಬಳೇ ತಿಂದೆ. ಚೆನ್ನಾಗಿತ್ತು. ತಿಂದು, ಲೋಟ ತೊಳೆದಿಟ್ಟು, ಆಮೇಲೆ ಕೂತು ನಿನಗೆ ಆ ಕಾಗದ ಬರೆದೆ.

ಈ ತಿಂಗಳಿಂದ ಎರಡು ಡಬ್ಬ. ರಾಮಲಕ್ಷ್ಮಮ್ಮನವರದು ನಿಲ್ಲಿಸಲಾರೆ, ಅವರ ಮಕ್ಕಳು ಚಿಕ್ಕವು. ನಿನ್ನದಕ್ಕೆ ಹೊಸ ಡಬ್ಬ ಬಂದಿದೆ, ಆದರೂ ಹದಿನೇಳು ಅಂತಲೇ ಬರೆಸಿದ್ದೇನೆ. ಭಾನುಪ್ರಕಾಶ್ ಮನೆಗೆ ಹೋಗಿ ನಿನ್ನ ಕಾಗದ ಓದಿ ಹೇಳಿದೆ. ಅವರು ಒಳಗೆ ಹೋಗಿ ಎಣ್ಣೆ ತಂದಿಟ್ಟರು.

ಇಫ್ರಾನ ಮತ್ತೆ ಕಾಲೇಜಿಗೆ ಸೇರಿಸಲು ನಾನು ಬಂದು ಮಾತಾಡಲೇ? ಹರಿಕೃಷ್ಣನ ಕಾನೂನು ಹರಿಕೃಷ್ಣನಿಗೇ ಇರಲಿ.

ಶ್ಯಾಮಲಮ್ಮ

*

ಶಿಡ್ಲಘಟ್ಟ
21 ಡಿಸೆಂಬರ್ 2025

ಟೀಚರಮ್ಮಾ,

ನೀನು ಅಂತಲೇ ಅನ್ನಿ. ಪರವಾಗಿಲ್ಲ.

ನಿಮ್ಮ ಕಾಗದವನ್ನು ನಮ್ಮವರಿಗೆ ಓದಿ ಹೇಳಿದೆ. "ಪಾಪ, ಮೊಣಕಾಲು ನೋವಲ್ಲಿ ಮೆಟ್ಲು ಹತ್ತಿದಾರೆ" ಅಂದರು. ಅವರು ಯಾವಾಗಲೂ ಹಾಗೇ. ನನಗೆ ಅಷ್ಟು ಬೇಗ ಆಗಲಿಲ್ಲ. ಪಾಯಸದ ಸಾಲು ಬಂದಾಗ ಕಾಗದ ಮಡಚಿಟ್ಟು ಹೊರಗೆ ಹೋದೆ. ಸ್ವಲ್ಪ ಹೊತ್ತು ನುಗ್ಗೆ ಮರದ ಕೆಳಗೆ ನಿಂತಿದ್ದೆ. ಆಮೇಲೆ ಅಂದುಕೊಂಡೆ, ತಿನ್ನಲಿ ಅಂತಲೇ ತಾನೇ ಕಳಿಸಿದ್ದು? ಯಾರೂ ತಿನ್ನದೆ ಹಾಳಾಗಿದ್ದರೆ ಇನ್ನೂ ಹೊಟ್ಟೆ ಉರಿಯುತ್ತಿತ್ತು.

ಕಾಲೇಜಿನಲ್ಲಿ ಕೇಳಿಕೊಂಡು ಬಂದೆ. ಈ ವರ್ಷ ಇನ್ನು ಆಗುವುದಿಲ್ಲ, ಜೂನ್‌ನಲ್ಲಿ ಬನ್ನಿ ಅಂದರು. ಇಫ್ರಾಗೆ ಹೇಳಿದೆ. ಅವಳು ಹೂಂ ಅಂದಳು. ಹೋಗ್ತೀನಿ ಅಂತ ಅನ್ನಲಿಲ್ಲ, ಹೋಗಲ್ಲ ಅಂತಲೂ ಅನ್ನಲಿಲ್ಲ. ಅವಳ ಜೊತೆಯವರೆಲ್ಲ ಮಾರ್ಚ್‌ನಲ್ಲಿ ಪರೀಕ್ಷೆ ಬರೀತಾರೆ. ಒಂದು ವರ್ಷ ಹೋಯಿತು ಟೀಚರಮ್ಮಾ. ಅದನ್ನು ನೀವು ಡಬ್ಬದಲ್ಲಿ ತುಂಬಿ ಕಳಿಸುವುದಕ್ಕೆ ಆಗುವುದಿಲ್ಲ, ನಾನೂ ಕೇಳುವುದಿಲ್ಲ.

ಆದರೆ ನೀವು ಬನ್ನಿ. ಕಾನೂನು ಬಿಟ್ಟು ಬನ್ನಿ. ನಾನು ಹೇಳಿದರೆ ಅವಳು ಕೇಳುವುದಿಲ್ಲ, ನನಗೋಸ್ಕರ ತಾನೇ ಅವಳು ಹೋಗಿದ್ದು. ನೀವು ಬೈದರೆ ಕೇಳಬಹುದು. ನಮ್ಮ ಮನೆಗೆ ಮೆಟ್ಟಿಲಿಲ್ಲ. ಬಸ್ ಸ್ಟ್ಯಾಂಡಿನಿಂದ ಆಟೋದಲ್ಲಿ ಬಂದರೆ ಬಾಗಿಲ ತನಕ ಬರುತ್ತದೆ.

ಡಬ್ಬ ವಾಪಸ್ ಕಳಿಸುತ್ತಿದ್ದೇನೆ. ಏನು ಹಾಕೋದು ಅಂತ ಎರಡು ದಿನ ಯೋಚನೆ ಮಾಡಿದೆ. ನುಗ್ಗೆ ಈಗ ಹೂ ಬಿಟ್ಟಿದೆ ಅಷ್ಟೇ. ಖಾಲಿ ಕಳಿಸಿಬಿಡೋಣ ಅಂದುಕೊಂಡು ತೊಳೆದು ಬಿಸಿಲಿಗೆ ಇಟ್ಟೆ. ಇಫ್ರಾ ಕೆಲಸದಿಂದ ಬಂದವಳು ಅದನ್ನು ನೋಡಿದಳು. ಒಳಗೆ ಹೋಗಿ, ನೀವು ಕಳಿಸಿದ ಸಕ್ಕರೆಯಲ್ಲೇ ಒಂದು ಹಿಡಿ ತಂದು ಕಾಗದದಲ್ಲಿ ಕಟ್ಟಿ ಡಬ್ಬದ ತಳದಲ್ಲಿಟ್ಟಳು. ಬೆರಳು ಬಿರಿದಿದೆಯಲ್ಲ, ಗಂಟು ಹಾಕಲು ಕಷ್ಟಪಟ್ಟಳು. ನಾನು ಹಾಕ್ತೀನಿ ಅಂದರೆ ಬಿಡಲಿಲ್ಲ.

"ಇದು ಅವ್ರದೇ ಸಕ್ರೆ ಅಮ್ಮೀ. ಎಲ್ಲಿಂದ ಬಂತು ಅಂತ ಈ ಸಲ ಯಾರೂ ಕೇಳ್ಬೇಕಾಗಿಲ್ಲ" ಅಂದಳು.

ದಿಲ್ಷಾದ್